ಏಳನೇ ಕೊಳವೆಯ ಬಾಣ

"ಇದನ್ನ ನಾನು ತಗೊಳ್ಳಲ್ಲ!"

ಉಗ್ರಾಣದ ಬಾಗಿಲಲ್ಲೇ ಅವಳು ಪೆನ್ನಿಗೆ ಮುಚ್ಚಳ ಹಾಕಿ, ರಸೀದಿ ಪುಸ್ತಕವನ್ನು ಪಟ್ಟನೆ ಮುಚ್ಚಿದಳು.

ಎದುರಿಗಿದ್ದವನು ತಬ್ಬಿಬ್ಬಾದ. ಬೆಳಗ್ಗೆಯಿಂದ ಬಂದರಿನಲ್ಲಿ ನಿಂತು, ಐವತ್ನಾಲ್ಕು ಕೊಳವೆಗಳನ್ನು ಹಸುಗೂಸುಗಳಂತೆ ಎತ್ತಿ ಶೀತಲ ಲಾರಿಯಲ್ಲಿ ಮಲಗಿಸಿ, ದಾರಿಯುದ್ದಕ್ಕೂ ಚಾಲಕನಿಗೆ "ನಿಧಾನ, ನಿಧಾನ" ಎನ್ನುತ್ತ ತಂದವನು ಅವನು. ತೋಳಿನ ಮೇಲೆ ಗ್ರೀಸಿನ ಕಲೆ, ಕಿವಿಯ ಸಂದಿಯಲ್ಲಿ ಒಂದು ಕೆಂಪು ಮೇಣದ ಪೆನ್ಸಿಲ್.

"ಐವತ್ಮೂರು ತಗೊಂಡ್ರಲ್ಲ ಮೇಡಂ. ಇದೊಂದು ಏನು ಪಾಪ ಮಾಡ್ತು?"

"ಎರಡೂ ತುದಿಗೆ ಬಿಳಿ ಮುಚ್ಚಳ ಹಾಕಿದ್ದೀರಿ. ಬಾಣದ ಗುರುತೂ ಇಲ್ಲ. ಮೇಲ್ಗಡೆ ಯಾವುದು, ಕೆಳಗಡೆ ಯಾವುದು ಅಂತ ನಾನೇನು ಕಣಿ ಕೇಳ್ಲಾ?"

ಅವಳ ಕೋಪ ಸುಮ್ಮನೆ ಬಂದದ್ದಲ್ಲ. ಆ ಕೊಳವೆಗಳಲ್ಲಿ ಇದ್ದದ್ದು ಸಮುದ್ರದ ತಳದ ಕೆಸರು. ಹಡಗಿನಿಂದ ಉದ್ದನೆಯ ಕೊಳವೆಯೊಂದನ್ನು ಮೂರು ಕಿಲೋಮೀಟರ್ ಆಳಕ್ಕೆ ಇಳಿಸಿ, ತಳದ ಕೆಸರಿಗೆ ನೆಟ್ಟು, ತುಂಬಿದ ಮೇಲೆ ಎಳೆದುಕೊಳ್ಳುತ್ತಾರೆ. ಡೆಕ್ಕಿನ ಮೇಲೆ ಅದನ್ನು ಒಂದೊಂದು ಮೀಟರಿಗೆ ಕೊಯ್ದು, ಮೇಲಿನ ತುದಿಗೆ ಬಿಳಿ ಮುಚ್ಚಳ, ಕೆಳಗಿನ ತುದಿಗೆ ಕಪ್ಪು ಮುಚ್ಚಳ ಹಾಕಿ, ಮೈಮೇಲೆ ಮೇಲ್ಮುಖವಾಗಿ ಒಂದು ಬಾಣ ಬರೆಯುತ್ತಾರೆ. ಮೇಲಿನ ಕೆಸರು ಹೊಸದು, ಕೆಳಗೆ ಹೋದಷ್ಟೂ ಹಳೆಯದು. ಬುಡ ಮೇಲಾದರೆ ಸಾವಿರಾರು ವರ್ಷಗಳ ಲೆಕ್ಕವೇ ಬುಡಮೇಲು!

"ಇದರ ಹೊತ್ತಿಗೆ ಡೆಕ್ಕಲ್ಲಿ ಕಪ್ಪು ಮುಚ್ಚಳ ಮುಗಿದುಹೋಗಿತ್ತು ಮೇಡಂ, ಬೇರೆ ತರೋದು ತಡವಾಯ್ತು. ಬಾಣ ಬರೆದಿದ್ದೆ. ಲಾರಿಯ ತಂಪಿಗೆ ನೀರು ಕೂತು, ಕಟ್ಟಿದ ಹಗ್ಗ ಉಜ್ಜಿ ಅಳಿಸಿದೆ, ಅಷ್ಟೆ."

ಹೀಗೆಂದವನೇ ಕಿವಿಯಿಂದ ಪೆನ್ಸಿಲ್ ತೆಗೆದು, ಒಂದಿಷ್ಟೂ ಯೋಚಿಸದೆ ಏಳನೇ ಕೊಳವೆಯ ಮೇಲೆ ದಪ್ಪಗೆ ಒಂದು ಬಾಣ ಎಳೆದ.

ಅವಳ ಕಣ್ಣು ದೊಡ್ಡದಾಯಿತು. "ನೆನಪಿನ ಮೇಲೆ ಬಾಣ ಹಾಕ್ತೀರಾ?"

"ಇದನ್ನ ಮರೆಯೋದು ಹೇಗೆ? ಆರಕ್ಕೂ ಏಳಕ್ಕೂ ಮಧ್ಯೆ ಕೊಯ್ಯುವಾಗ ಗರಗಸ ಕಿರ್ರ್ ಅಂತ ಕಿರುಚಿತ್ತು. ಮೈಯೆಲ್ಲಾ ಜುಮ್ಮಂತು. ಗರಗಸ ಜಾರಿ ಇಲ್ಲಿ ಅಂಚಲ್ಲಿ ಗೀರು ಬಿದ್ದಿದೆ ನೋಡಿ, ಇದೇ ಮೇಲಿನ..."

"ಗರಗಸದ ಕಥೆಯನ್ನೆಲ್ಲ ರಸೀದೀಲಿ ಬರೆಯೋಕಾಗಲ್ಲ!"

ಅವನು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ. ಅವಳು ಪುಸ್ತಕ ಮತ್ತೆ ತೆರೆದು, ಏಳನೇ ಸಾಲಿನ ಮುಂದೆ 'ಆಕ್ಷೇಪದೊಂದಿಗೆ ಸ್ವೀಕರಿಸಲಾಗಿದೆ' ಎಂದು ಬರೆದು ಸಹಿ ಹಾಕಿದಳು. ಹರಿದ ಪ್ರತಿಯನ್ನು ಅವನ ಕಡೆ ಚಾಚಿದಾಗ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ಬರಿಸಿತು.

'ಎಂಥಾ ಹಠಮಾರಿ ಮನುಷ್ಯ!' ಎಂದುಕೊಂಡಳು.

ಹೊರಗೆ ಹೋಗುತ್ತ ಅವನೂ ಅದನ್ನೇ ಅಂದುಕೊಂಡ. ಇಬ್ಬರೂ ಅಂದುಕೊಂಡದ್ದು ಸರಿಯೇ ಇತ್ತು.

*

ಕೆಸರಿನ ಕೊಳವೆಗಳನ್ನು ಇಡುವ ಆ ಉಗ್ರಾಣ ಸದಾ ನಾಲ್ಕು ಡಿಗ್ರಿಯಲ್ಲಿರುತ್ತಿತ್ತು. ಒಳಗೆ ಹೋಗುವವರು ಬೇಸಿಗೆಯಲ್ಲೂ ಸ್ವೆಟರ್ ಹಾಕಬೇಕು. ಮಾಡಿನವರೆಗೆ ಕಬ್ಬಿಣದ ಕಪಾಟುಗಳು, ಕಪಾಟಿನ ತುಂಬ ಕೊಳವೆಗಳು. ಎಂಟು ವರ್ಷದಿಂದ ಅವುಗಳ ಹೊಣೆ ಅವಳದು. ಯಾವ ಕೊಳವೆ ಎಲ್ಲಿದೆ ಎಂದು ಕೇಳಿದರೆ ಪುಸ್ತಕ ನೋಡದೆ ಹೇಳುತ್ತಿದ್ದಳು. ಅಲ್ಲಿನವರೆಲ್ಲ ಅವಳನ್ನು 'ಕೊಳವೆ ಮೇಡಂ' ಎಂದೇ ಕರೆಯುತ್ತಿದ್ದರು.

ಹಡಗಿಗೆ ಬಣ್ಣ ಬಳಿಯಲು ಎಂಟು ವಾರ ಬೇಕಿತ್ತು. ಅಷ್ಟು ದಿನ ಡೆಕ್ಕಿನವರು ಸುಮ್ಮನೆ ಕೂರುವುದು ಬೇಡವೆಂದು ಒಬ್ಬೊಬ್ಬರನ್ನು ಒಂದೊಂದು ಕಡೆ ಕಳಿಸಿದರು. ಉಗ್ರಾಣಕ್ಕೆ ಹೊಸ ಕಪಾಟು ಕೂರಿಸಲು ಬಂದವನು ಯಾರು ಗೊತ್ತೇ?

ಬಾಣ ಎಳೆದ ಅದೇ ಮೇಸ್ತ್ರಿ!

ಹಡಗಿನಲ್ಲಿ ಹದಿನಾಲ್ಕು ವರ್ಷದಿಂದ ಕೊಳವೆ ಇಳಿಸುವ ತಂಡದ ಮುಖ್ಯಸ್ಥ. ಕ್ಯಾಪ್ಟನ್ನಿನಿಂದ ಅಡುಗೆಯವನವರೆಗೆ ಎಲ್ಲರ ಬಾಯಲ್ಲೂ ಅವನು ಮೇಸ್ತ್ರಿಯೇ.

"ಆಕ್ಷೇಪದೊಂದಿಗೆ ಸ್ವೀಕರಿಸ್ತೀರಾ ಮೇಡಂ?" ಬಾಗಿಲಲ್ಲಿ ನಿಂತು ಕೇಳಿದ.

ನಗಬಾರದೆಂದು ಅವಳು ತುಟಿ ಕಚ್ಚಿಕೊಂಡಳು. "ಸ್ವೆಟರ್ ತಂದಿದ್ದೀರಾ?"

"ಇಲ್ಲ."

"ಹಾಗಾದ್ರೆ ನಡುಗಿ."

ಅವನು ನಿಜವಾಗಿಯೂ ಹೊತ್ತು ಏರುವವರೆಗೆ ನಡುಗಿದ. ಕೊನೆಗೆ ಅವಳಿಗೇ ಪಾಪ ಅನ್ನಿಸಿ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ತನ್ನ ದಪ್ಪ ಕೋಟು ತಂದುಕೊಟ್ಟಳು. ಅದರ ತೋಳು ಅವನ ಮೊಣಕೈಗೇ ನಿಂತಿತು. ಆ ಅವತಾರ ನೋಡಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಒಂದು ದಿನ ಅವಳು ಸೂಕ್ಷ್ಮದರ್ಶಕದ ಮುಂದೆ ಕೂತಿದ್ದಾಗ ಅವನು ಹಿಂದೆ ಬಂದು ನಿಂತ.

"ಒಂದು ಮಾತು ಕೇಳ್ಲಾ? ಹದಿನಾಲ್ಕು ವರ್ಷದಿಂದ ಈ ಕೆಸರನ್ನ ಎಳೀತಾ ಇದ್ದೀನಿ. ಒಳಗೇನಿದೆ ಅಂತ ಯಾರೂ ತೋರಿಸ್ಲೇ ಇಲ್ಲ."

ಅವಳಿಗೆ ಚುರುಕ್ಕೆಂದಿತು. ಕುರ್ಚಿ ಬಿಟ್ಟು ಎದ್ದಳು. "ಕೂತ್ಕೊಳ್ಳಿ. ಒಂದು ಕಣ್ಣು ಮುಚ್ಚಬೇಡಿ, ಎರಡೂ ತೆರೆದು ನೋಡಿ."

ಅವನು ನೋಡಿದ.

"ಇದು... ಇವೆಲ್ಲ ಚಿಪ್ಪುಗಳು!"

"ಹ್ಞೂಂ. ಸಮುದ್ರದ ಮೇಲ್ಗಡೆ ತೇಲ್ತಾ ಬದುಕೋ ಜೀವಿಗಳದ್ದು. ಸಾಸಿವೆ ಕಾಳಿಗಿಂತ ಸಣ್ಣವು. ಸತ್ತ ಮೇಲೆ ಮೆಲ್ಲಗೆ ಇಳಿದು ಬರ್ತವೆ. ತಳ ಮುಟ್ಟೋಕೆ ವಾರಗಟ್ಟಲೆ ಬೇಕು."

"ಬರೀ ಚಿಪ್ಪೇನಾ?"

"ಎಲ್ಲಾ ಇರುತ್ತೆ. ನದಿ ತಂದ ಮಣ್ಣು, ಗಾಳಿ ಹೊತ್ತು ತಂದ ಧೂಳು, ಜ್ವಾಲಾಮುಖಿಯ ಬೂದಿ... ಯಾವುದೂ ಒಂದೇ ಸಲ ಬರಲ್ಲ. ಚೂರುಚೂರೇ ಬಂದು ಕೂರುತ್ತೆ. ಸಾವಿರ ವರ್ಷಕ್ಕೆ ಇಷ್ಟು ದಪ್ಪ ಆದ್ರೆ ಹೆಚ್ಚು."

ಅವಳು ಹೆಬ್ಬೆರಳಿನ ಉಗುರಿನುದ್ದ ತೋರಿಸಿದಳು. ಅವನು ಆ ಉಗುರನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಅವಳು ಬೇಗನೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಯಾವಾಗಲೂ ಹೀಗೇ ನಿಧಾನವಾ?"

"ಒಂದೊಂದು ಸಲ ಇಳಿಜಾರಲ್ಲಿ ಕೂತಿದ್ದ ಕೆಸರೆಲ್ಲ ಜಾರಿ, ದಡದಡ ಅಂತ ಹರಿದು ಬಂದುಬಿಡುತ್ತೆ. ಆಗ ಒಂದೇ ದಿನಕ್ಕೆ ಗೇಣುಗಟ್ಟಲೆ ಕೂರುತ್ತೆ. ಲೋಟದಲ್ಲಿ ಮಣ್ಣು ಕದಡಿ ಇಟ್ರೆ ಏನಾಗುತ್ತೆ ಹೇಳಿ?"

"ಮರಳು ಮೊದಲು ಕೂರುತ್ತೆ. ನುಣ್ಣನೆ ಮಣ್ಣು ಆಮೇಲೆ."

"ಅಷ್ಟೇ. ಅಲ್ಲೂ ಹಾಗೇ. ಕೆಳಗೆ ದಪ್ಪ ಮರಳು, ಮೇಲೆ ನುಣ್ಣನೆ ಕೆಸರು. ಅದನ್ನ ನೋಡಿದ್ರೆ ಸಾಕು, ಕೊಳವೆಯ ಬುಡ ಯಾವುದು ಅಂತ ಹೇಳಬಹುದು."

ಮರುದಿನದಿಂದ ಮಧ್ಯಾಹ್ನದ ಚಹಾ ಹೊತ್ತಿಗೆ ಅವನು ಕುರ್ಚಿ ಎಳೆದುಕೊಂಡು ಸೂಕ್ಷ್ಮದರ್ಶಕದ ಪಕ್ಕ ಹಾಜರ್. ಅವಳೂ ಎರಡು ಲೋಟ ಚಹಾ ತರುವುದು ಯಾವಾಗ ರೂಢಿಯಾಯಿತೋ ಅವಳಿಗೇ ತಿಳಿಯಲಿಲ್ಲ.

*

ಮನೆಯಲ್ಲಿ ಅವಳ ಚಿಕ್ಕಮ್ಮನಿಗೆ ಮಾತ್ರ ತಿಳಿಯಿತು.

ಕೆಳಗೆ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಅವಳನ್ನು ಹತ್ತನೇ ವರ್ಷದಿಂದ ಸಾಕಿದ ಚಿಕ್ಕಮ್ಮ ಊರಿನವರ ಅರ್ಧ ಬಟ್ಟೆ ಹೊಲಿದು, ಉಳಿದರ್ಧ ಬಿಗಿಮಾಡಿ, ಸಡಿಲಮಾಡಿ ಕೊಡುತ್ತಿದ್ದಳು.

"ಮೇಸ್ತ್ರಿ ಹಾಗಂದ್ರು, ಮೇಸ್ತ್ರಿ ಹೀಗಂದ್ರು... ಊಟಕ್ಕೆ ಕೂತಾಗಿಂದ ಎಂಟು ಸಲ ಆಯ್ತು ಪುಟ್ಟೀ."

"ಎಣಿಸ್ತಾ ಕೂತಿದ್ದೀಯಾ ಚಿಕ್ಕಮ್ಮ?"

"ಗುಂಡಿ ಎಣಿಸಿ ಎಣಿಸಿ ಅಭ್ಯಾಸ. ಒಂದು ದಿನ ಕರ್ಕೊಂಡು ಬಾ. ಅಂಗಡಿ ಶಟರ್ ಬೇರೆ ಸಿಕ್ಕಿಹಾಕ್ಕೊಳ್ತಿದೆ."

ಮೇಸ್ತ್ರಿ ಬಂದ. ಶಟರಿಗೆ ಎಣ್ಣೆ ಬಿಟ್ಟು, ಬೋಲ್ಟು ಬಿಗಿದು, ಒಂದೇ ಬೆರಳಿನಲ್ಲಿ ಮೇಲೆತ್ತಿ ತೋರಿಸಿದ. ಚಿಕ್ಕಮ್ಮ ಅವನ ಅಂಗಿಯ ತೋಳನ್ನು ಹಿಡಿದು ತಿರುವಿ ನೋಡಿ, "ಈ ಹೊಲಿಗೆ ಹಾಕಿದ್ದು ಯಾರಪ್ಪಾ?" ಎಂದಳು.

"ನಾನೇ ಚಿಕ್ಕಮ್ಮ."

ಚಿಕ್ಕಮ್ಮ! ಬಂದು ಅರ್ಧ ಗಂಟೆಯಾಗಿಲ್ಲ, ಆಗಲೇ ಚಿಕ್ಕಮ್ಮ! ಅವಳು ಮುಖ ಅತ್ತ ತಿರುಗಿಸಿ ನಕ್ಕಳು.

"ಹೊಲಿಗೆ ಗಟ್ಟಿಯಾಗಿದೆ" ಎಂದಳು ಚಿಕ್ಕಮ್ಮ. ಅವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

*

ಐದನೇ ವಾರ ಕೊಳವೆಗಳನ್ನು ಸೀಳುವ ಕೆಲಸ ಶುರುವಾಯಿತು. ಅಲ್ಲೊಂದು ನಿಯಮವಿತ್ತು. ಬೆಸ ಸಂಖ್ಯೆಯ ಕೊಳವೆಗಳನ್ನು ಮಾತ್ರ ಈಗ ಸೀಳುವುದು, ಸಮ ಸಂಖ್ಯೆಯವನ್ನು ಮುಂದೆ ಬರುವವರಿಗಾಗಿ ಮುಟ್ಟದೆ ಇಡುವುದು. ಒಂದು, ಮೂರು, ಐದು... ಎಲ್ಲವೂ ಅಂದವಾಗಿ ಬಂದವು.

ಏಳನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದಾಗ ಅವಳು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಬಾಣ ತೋರಿಸುವ ತುದಿಯಲ್ಲಿ, ಒಂದು ಮಗ್ಗುಲು ಚಪ್ಪಟೆಯಾದ ತೂತುಗಲ್ಲಿನ ಚೂರು. ಅದರ ಕೆಳಗೆ ಮೂರು ಮರಳಿನ ಪದರ. ಮೂರರಲ್ಲೂ ದಪ್ಪ ಮರಳು ಮೇಲೆ, ನುಣ್ಣನೆ ಕೆಸರು ಕೆಳಗೆ! ಚಿಪ್ಪುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಹಳೆಯ ಜಾತಿಯವು ಮೇಲೆ, ಹೊಸವು ಕೆಳಗೆ.

ಕೊಳವೆ ತಲೆಕೆಳಗಾಗಿತ್ತು.

'ನೆನಪಿನ ಮೇಲೆ ಹಾಕಿದ ಬಾಣ...'

ಪಕ್ಕದ ಕೋಣೆಯಲ್ಲಿ ಕೊಳವೆಗಳ ಎಕ್ಸ್‌ರೇ ತೆಗೆಯುವ, ಎಲ್ಲರೂ 'ಎಕ್ಸ್‌ರೇ ಅಣ್ಣ' ಎನ್ನುವ ಸಹೋದ್ಯೋಗಿ ಇಣುಕಿ ನೋಡಿ ಕಣ್ಣು ಮಿಟುಕಿಸಿದ. "ಇದು ನಮ್ಮ ಮೇಸ್ತ್ರಿ ಬಾಣ ತಾನೇ? ಬಿಡಿ ಮೇಡಂ, ನೀವು ಇದನ್ನೆಲ್ಲ ಬರೀತೀರಾ? ನಮಗೆ ಗೊತ್ತಿಲ್ವಾ!"

ಅವನು ತಮಾಷೆಗೆ ಅಂದದ್ದು. ಆದರೆ ಅವಳ ಕಿವಿ ಬಿಸಿಯಾಯಿತು. ಎಂಟು ವರ್ಷ ಯಾರ ಮುಲಾಜಿಗೂ ಒಳಗಾಗದೆ ಕೆಲಸ ಮಾಡಿದವಳು ಅವಳು. ಎರಡು ಲೋಟ ಚಹಾಕ್ಕೆ ಕರಗಿಹೋದಳು ಎಂದು ಇವರೆಲ್ಲ ಆಡಿಕೊಳ್ಳುತ್ತಾರೆಯೇ?

ವರದಿ ಬರೆಯಲು ಕೂತಳು. 'ದಿಕ್ಕು ಅನುಮಾನಾಸ್ಪದ' ಎಂದು ಬರೆದಿದ್ದರೆ ಸಾಕಿತ್ತು. ಅವಳು ಬರೆದದ್ದು ಹೀಗೆ: 'ಏಳನೇ ಕೊಳವೆಯ ದಿಕ್ಕು ತಪ್ಪಾಗಿದೆ. ಹಡಗಿನ ಕಡೆಯ ಅಜಾಗರೂಕತೆ.'

ಆ ಕೊನೆಯ ಪದವನ್ನು ಬರೆಯುವಾಗ ಕೈ ಒಂದು ಸಲ ನಿಂತಿತು. ಆದರೂ ಬರೆದಳು.

ಮೂರನೇ ದಿನ ಮಧ್ಯಾಹ್ನ ಮೇಸ್ತ್ರಿ ಬಂದ. ಚಹಾದ ಹೊತ್ತಾಗಿತ್ತು. ಅವನು ಕುರ್ಚಿ ಎಳೆದುಕೊಳ್ಳಲಿಲ್ಲ.

"ಕೊಳವೆ ಇಳಿಸೋ ಕೆಲಸದಿಂದ ನನ್ನ ತೆಗೆದ್ರು ಮೇಡಂ. ಈ ಸಲದಿಂದ ಹಗ್ಗದ ಕೋಣೆ. ನಾಳೆಯಿಂದ ಹಡಗಿಗೇ ಬಾ ಅಂದಿದ್ದಾರೆ."

ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ನಾನು... ನನ್ನ ಕಣ್ಣಿಗೆ ಕಂಡದ್ದನ್ನ ಬರೆದೆ. ಅದು ತಲೆಕೆಳಗಾಗೇ ಇತ್ತು. ಬೇಕಿದ್ರೆ ನೀವೇ ನೋಡಿ!"

"ನೋಡಿದೆ. ನೀವೇ ಕಲಿಸಿದ್ರಲ್ಲ, ಮರಳು ಮೊದಲು ಕೂರುತ್ತೆ ಅಂತ." ಅವನ ದನಿ ಮೆತ್ತಗಿತ್ತು. "ನೀವು ಕಂಡದ್ದು ಸುಳ್ಳು ಅನ್ನಲ್ಲ. ಆದ್ರೆ ನನ್ನ ಬಾಣ ಸರಿಯಾಗೇ ಇತ್ತು."

"ಎರಡೂ ಹೇಗೆ ಸರಿ ಆಗುತ್ತೆ?"

"ಅದು ನಂಗೆ ಗೊತ್ತಿಲ್ಲ. ಹೇಳಬೇಕಾದ್ದನ್ನ ಮೊದಲ ದಿನವೇ ಹೇಳಿದ್ದೀನಿ. ಅಜಾಗರೂಕ ಅಂತ ಇವತ್ತಿನವರೆಗೆ ಯಾರೂ ನನ್ನ ಅಂದಿರ್ಲಿಲ್ಲ... ಬರ್ತೀನಿ ಮೇಡಂ."

ಗಿಡ್ಡ ತೋಳಿನ ಕೋಟನ್ನು ಮಡಚಿ ಅವಳ ಮೇಜಿನ ಮೇಲಿಟ್ಟು ಹೋದ. ಅವಳು ತಂದ ಎರಡನೇ ಲೋಟದ ಚಹಾ ಆರಿ ತಣ್ಣಗಾಯಿತು.

*

ಎರಡು ವಾರ ಅವಳು ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ.

'ಮೊದಲ ದಿನವೇ ಹೇಳಿದ್ದೀನಿ...' ಏನು ಹೇಳಿದ್ದ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿರಲಿಲ್ಲ. ಆ ದಿನ ಅವಳಿಗೆ ಕೇಳಿಸಿದ್ದು ತನ್ನ ದನಿ ಮಾತ್ರ. ಮುಂದಿನ ಗುರುವಾರ ಹಡಗು ಹೊರಡುತ್ತದೆ. ಹೋದರೆ ಮೂರು ತಿಂಗಳು. ತನ್ನನ್ನು ಅಜಾಗರೂಕನೆಂದು ಬರೆದವಳ ಹತ್ತಿರ ಅವನು ಮತ್ತೆ ಯಾಕೆ ಬರುತ್ತಾನೆ?

ಭಾನುವಾರ ಬೆಳಗ್ಗೆ ಚಿಕ್ಕಮ್ಮ ಬಚ್ಚಲ ಮುಂದೆ ಮಣೆ ಹಾಕಿಕೊಂಡು ಕೂತು ಅಂಗಾಲು ಉಜ್ಜಿಕೊಳ್ಳುತ್ತಿದ್ದಳು. ಕಿರ್ರ್... ಕಿರ್ರ್...

"ಚಿಕ್ಕಮ್ಮ, ಆ ಶಬ್ದ ನಿಲ್ಲಿಸ್ತೀಯಾ! ಮೈಯೆಲ್ಲಾ ಜುಮ್ಮನ್ನುತ್ತೆ."

ಅಂದವಳೇ ಹಾಗೇ ನಿಂತುಬಿಟ್ಟಳು.

ಮೈಯೆಲ್ಲಾ ಜುಮ್ಮಂತು... ಗರಗಸ ಕಿರ್ರ್ ಅಂತ ಕಿರುಚಿತ್ತು... ಆರಕ್ಕೂ ಏಳಕ್ಕೂ ಮಧ್ಯೆ ಕೊಯ್ಯುವಾಗ...

"ಆ ಕಲ್ಲು ಕೊಡು ಇಲ್ಲಿ!"

"ಅಯ್ಯೋ, ಕಾಲುಜ್ಜೋ ಕಲ್ಲು ಕಣೇ!"

ಅವಳು ಕಸಿದುಕೊಂಡೇಬಿಟ್ಟಳು. ಹಗುರವಾದ, ಬೂದುಬಣ್ಣದ, ಮೈಯೆಲ್ಲ ತೂತಿನ ಕಲ್ಲು. ಜ್ವಾಲಾಮುಖಿಯಿಂದ ಹುಟ್ಟಿ, ನೀರಿನ ಮೇಲೆ ತೇಲಿ, ತೂತುಗಳಲ್ಲಿ ನೀರು ತುಂಬಿದ ಮೇಲೆ ಮುಳುಗುವ ಕಲ್ಲು. ಏಳನೇ ಕೊಳವೆಯ ಬಾಣದ ತುದಿಯಲ್ಲಿದ್ದದ್ದೂ ಇದೇ! ಅದರ ಒಂದು ಮಗ್ಗುಲು ಚಾಕುವಿನಿಂದ ಕೊಯ್ದಂತೆ ಚಪ್ಪಟೆಯಾಗಿತ್ತಲ್ಲ... ಗರಗಸ ಅದನ್ನೇ ಕೊಯ್ದಿದ್ದರೆ, ಉಳಿದರ್ಧ ಆರನೇ ಕೊಳವೆಯ ಬುಡದಲ್ಲಿ ಇರಲೇಬೇಕು. ಇದ್ದರೆ ಬಾಣ ಸರಿ.

"ಆದ್ರೆ ಬಾಣ ಸರಿಯಿದ್ರೆ ಒಳಗಿನ ಪದರ ಹೇಗೆ ತಲೆಕೆಳಗಾಯ್ತು?" ಅವಳು ಜೋರಾಗಿಯೇ ಕೇಳಿಕೊಂಡಳು.

ವಿಷಯವೇನೆಂದು ಚಿಕ್ಕಮ್ಮ ಬಿಡದೆ ಕೇಳಿದಳು. ಎಲ್ಲ ಕೇಳಿ ಮುಗಿದ ಮೇಲೆ ಹೆಗಲ ಮೇಲಿನ ಟವೆಲನ್ನು ನೆಲಕ್ಕೆ ಹಾಸಿ, ಅರ್ಧ ಮಡಚಿದಳು.

"ನೋಡೇ. ಮಡಚಿದ್ರೆ ಒಳಮಗ್ಗುಲು ಮೇಲೆ ಬರಲ್ವಾ? ಇದಕ್ಕೆ ಅಷ್ಟೆಲ್ಲ ಓದಬೇಕಿತ್ತಾ? ಬಟ್ಟೆ ತಿರುವು ಮುರುವಾಗಿದೆ ಅಂತ ಟೈಲರ್‌ನ ಬೈತಿದ್ದೀಯಲ್ಲ!"

ಅವಳು ಚಿಕ್ಕಮ್ಮನ ಒದ್ದೆ ಕೆನ್ನೆಗೆ ಮುತ್ತು ಕೊಟ್ಟಳು. "ಚಿಕ್ಕಮ್ಮ, ನಮ್ಮ ಸಂಸ್ಥೆಗೆ ನೀನು ನಿರ್ದೇಶಕಿ ಆಗಬೇಕಿತ್ತು!"

"ಮೊದಲು ಕಲ್ಲು ಕೊಡು. ಇನ್ನೊಂದು ಕಾಲು ಬಾಕಿ ಇದೆ."

*

ಸೋಮವಾರ ನಿರ್ದೇಶಕರ ಕೋಣೆಯಲ್ಲಿ ಅವಳು ನೆಟ್ಟಗೆ ನಿಂತು ಕೇಳಿದಳು. "ಸರ್, ಆರನೇ ಕೊಳವೆ ತೆರೀಬೇಕು."

ಅವರು ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡರು. "ಸಮ ಸಂಖ್ಯೆ ಮುಟ್ಟಬಾರದು ಅಂತ ನಿಯಮ ಮಾಡಿಸಿದ್ದೇ ನೀನು ಅಲ್ವೇನಮ್ಮಾ?"

"ಹೌದು ಸರ್. ಆದ್ರೆ ನನ್ನ ವರದಿ ತಪ್ಪಿರಬಹುದು. ಒಬ್ಬರ ಹದಿನಾಲ್ಕು ವರ್ಷದ ಹೆಸರಿನ ಪ್ರಶ್ನೆ ಇದು."

"ತಪ್ಪಿಲ್ಲ ಅಂತಾದ್ರೆ?"

"ಆಗ ನಿಯಮ ಮುರಿದವಳು ನಾನು ಅಂತಲೂ ಬರೀತೀನಿ."

ಅವರು ಮತ್ತೆ ಕನ್ನಡಕ ಬದಲಿಸಿ, ಚೀಟಿಗೆ ಸಹಿ ಹಾಕಿದರು.

ಆರನ್ನು ಸೀಳುವಾಗ ಅವಳು ಒಂದು ತುದಿ ಹಿಡಿದಳು. ಎಕ್ಸ್‌ರೇ ಅಣ್ಣನೇ ಇನ್ನೊಂದು ತುದಿ ಹಿಡಿದುಕೊಂಡ. ಹೋಳು ತೆರೆಯಿತು...

ಕೆಳಗಿನ ತುದಿಯಲ್ಲಿ, ಕಪ್ಪು ಮುಚ್ಚಳಕ್ಕೆ ಅಂಟಿಕೊಂಡಂತೆ, ಅರ್ಧ ತೂತುಗಲ್ಲು!

ಏಳನೇ ಹೋಳನ್ನು ತಂದು ತುದಿಗೆ ತುದಿ ಸೇರಿಸಿದಳು. ಕಲ್ಲಿನ ಎರಡು ಚೂರು ಒಂದಕ್ಕೊಂದು ಕೂತವು. ಒಂದು ತೂತು ಸಹ ಆಚೀಚೆ ಆಗಲಿಲ್ಲ. ಅದರ ಸ್ವಲ್ಪ ಮೇಲೆ ಮರಳಿನ ಪದರವೊಂದು ಹೋಗಿ, ಬಾಗಿ, ಹಿಂದಿರುಗಿ ಬಂದಿತ್ತು. ಚಿಕ್ಕಮ್ಮನ ಟವೆಲಿನ ಮಡಿಕೆ!

"ಕುಸಿತ!" ನಿರ್ದೇಶಕರು ಮಗುವಿನಂತೆ ಕೂಗಿದರು. "ಇಡೀ ಇಳಿಜಾರು ಜಾರಿ ಮಡಚಿಕೊಂಡು ಬಿದ್ದಿದೆ! ಹಡಗಿನವರು ತಿರುಗಿಸಿದ್ದಲ್ಲ, ಸಮುದ್ರವೇ ತಿರುಗಿಸಿ ಇಟ್ಟಿದ್ದು. ಇಂಥದ್ದು ನಮಗೆ ಒಂದೂ ಸಿಕ್ಕಿರಲಿಲ್ಲ ಕಣಮ್ಮಾ! ಆ ಬಾಣ ತಪ್ಪು ಅಂತ ನಾವು ಕೊಳವೆಯನ್ನ ತಿರುಗಿಸಿ ಇಟ್ಟಿದ್ರೆ ಇದು ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ!"

ಅವಳಿಗೆ ಅವರ ಸಂಭ್ರಮ ಅರ್ಧವೇ ಕೇಳಿಸಿತು. ಕಣ್ಣು ತುಂಬಿ ಬಂದು, ಕಲ್ಲು ಮಂಜಾಗಿ ಕಾಣುತ್ತಿತ್ತು. 'ನೀವು ಕಂಡದ್ದು ಸುಳ್ಳು ಅನ್ನಲ್ಲ' ಎಂದಿದ್ದ ಅವನು. ಅವನು ಅವಳ ಮಾತನ್ನು ನಂಬಿದ್ದ. ಅವಳು ಅವನ ಮಾತನ್ನು ಕೇಳಿಸಿಕೊಂಡೂ ಇರಲಿಲ್ಲ.

ಎರಡನೇ ವರದಿ ಬರೆಯಲು ಹತ್ತು ನಿಮಿಷ ಸಾಕಾಯಿತು. 'ಬಾಣ ಸರಿಯಾಗಿತ್ತು. ಅಜಾಗರೂಕತೆ ನನ್ನದು.' ಈ ಸಲ ಕೈ ಎಲ್ಲೂ ನಿಲ್ಲಲಿಲ್ಲ.

*

ಬುಧವಾರ ಮಧ್ಯಾಹ್ನ ಬಂದರಿನಲ್ಲಿ ಹೊಸ ಬಣ್ಣದ ವಾಸನೆ. ಹಡಗು ಮದುವೆಗೆ ಹೊರಟ ಹಾಗೆ ಫಳಫಳ ಹೊಳೆಯುತ್ತಿತ್ತು.

ಹಗ್ಗದ ಕೋಣೆಯಲ್ಲಿ ಅವನು ನೆಲದ ಮೇಲೆ ಕೂತು ಹಗ್ಗ ಸುತ್ತುತ್ತಿದ್ದ. ಬಾಗಿಲಲ್ಲಿ ನೆರಳು ಬಿದ್ದಾಗ ತಲೆಯೆತ್ತಿದ. ಕೈಯಲ್ಲಿನ ಹಗ್ಗ ಜಾರಿ ಬಿತ್ತು.

"ಮೇಡಂ... ನೀವು ಇಲ್ಲಿ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳಿಗೆ ಮರೆತೇಹೋಯಿತು. ಬ್ಯಾಗಿನಿಂದ ರಸೀದಿ ಪುಸ್ತಕ ತೆಗೆದಳು. ಮೊದಲ ದಿನದ ಹಾಳೆ ತೆರೆದು, ಏಳನೇ ಸಾಲಿನ 'ಆಕ್ಷೇಪದೊಂದಿಗೆ' ಎಂಬ ಪದದ ಮೇಲೆ ಅವನ ಕಣ್ಣ ಮುಂದೆಯೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದಳು.

"ಆರನ್ನ ತೆರೆದೆ. ನಿಮ್ಮ ಗರಗಸ ಕಿರುಚಿದ್ದು ತೂತುಗಲ್ಲಿಗೆ. ಅರ್ಧ ಆರರ ಬುಡದಲ್ಲಿ, ಅರ್ಧ ಏಳರ ತಲೇಲಿ. ಎರಡೂ ಸರಿಯಾಗಿ ಕೂತ್ಕೊಂಡ್ವು. ಇಳಿಜಾರು ಮಡಚಿಕೊಂಡು ಬಿದ್ದಿತ್ತು... ಬಾಣ ಸರಿಯಾಗೇ ಇತ್ತು. ಎಲ್ಲರಿಗೂ ಬರೆದು ಕಳಿಸಿದ್ದೀನಿ."

"ಗೊತ್ತು. ಬೆಳಗ್ಗೆ ಕ್ಯಾಪ್ಟನ್ ಕರೆದು ಓದಿ ಹೇಳಿದ್ರು. ನನ್ನ ಕೆಲಸ ನಂಗೆ ವಾಪಸ್ ಕೊಟ್ರು. ಇದೊಂದು ಹಗ್ಗ ಮುಗಿಸಿ ಹೋಗೋಣ ಅಂತ ಕೂತಿದ್ದೆ." ಅವನ ಕಣ್ಣಲ್ಲಿ ಸಣ್ಣ ನಗು ಮೂಡಿತು. "ಕಲ್ಲು ತಂದಿದ್ದೀರಾ?"

"ಉಗ್ರಾಣದಿಂದ ಹೊರಗೆ ತರೋ ಹಾಗಿಲ್ಲ."

ಅವನು ತಲೆ ಹಿಂದಕ್ಕೆ ಹಾಕಿ ಜೋರಾಗಿ ನಕ್ಕ. ಇಷ್ಟು ದಿನ ಆ ನಗುವಿಗಾಗಿ ಎಷ್ಟು ಹಂಬಲಿಸಿದ್ದೆ ಎಂದು ಅವಳಿಗೆ ಆಗ ತಿಳಿಯಿತು. ಅಳು ತಡೆಯಲಾಗಲಿಲ್ಲ.

"ನಗಬೇಡಿ! ನಾನು ಮಾಡಿದ್ದು ದೊಡ್ಡ ತಪ್ಪು. ಅನುಮಾನ ಇದೆ ಅಂತ ಬರೆದಿದ್ರೆ ಸಾಕಿತ್ತು. ಆ ಪದ ಯಾಕೆ ಬರೆದೆ ಗೊತ್ತಾ? ನಿಮ್ಮ ಮೇಲೆ ನಂಗೆ ಮನಸ್ಸಿದೆ ಅಂತ ಎಲ್ಲರಿಗೂ ಗೊತ್ತಾಗಿಬಿಟ್ಟಿದೆಯೇನೋ ಅಂತ ಹೆದರಿಕೆ ಆಯ್ತು. ಹಾಗೇನಿಲ್ಲ ಅಂತ ತೋರಿಸೋಕೆ..."

ಮಾತು ಮುಗಿಸುವಷ್ಟರಲ್ಲಿ ತಾನೇನು ಹೇಳಿದೆನೆಂದು ಹೊಳೆದು, ಅವಳು ನಾಲಿಗೆ ಕಚ್ಚಿಕೊಂಡಳು.

ಹೊರಗೆ ಎಲ್ಲೋ ಯಾರೋ ಬಣ್ಣದ ಡಬ್ಬಿ ಉರುಳಿಸಿದರು.

ಅವನು ಎದ್ದು ಹತ್ತಿರ ಬಂದ. "ಆ ಕಲ್ಲು ಮುಳುಗೋಕೆ ಮುಂಚೆ ಎಷ್ಟು ದಿನ ತೇಲಿರುತ್ತೆ?"

"ತಿಂಗಳುಗಟ್ಟಲೆ... ಕೆಲವು ವರ್ಷಗಟ್ಟಲೆ." ಅವಳು ನೆಲ ನೋಡುತ್ತಲೇ ಹೇಳಿದಳು.

"ಹದಿನಾಲ್ಕು ವರ್ಷ?"

"ಅಂಥ ಹಠಮಾರಿ ಕಲ್ಲು ನಾನು ನೋಡಿಲ್ಲ."

"ನೋಡಿದ್ದೀರಿ. ನಿಮ್ಮ ಉಗ್ರಾಣದಲ್ಲಿ ನಡುಗ್ತಾ ನಿಂತಿತ್ತಲ್ಲ, ಅದೇ. ತಳ ಮುಟ್ಟಿ ಎರಡು ತಿಂಗಳಾಗ್ತಾ ಬಂತು ಮೇಡಂ."

ಅವಳು ತಲೆಯೆತ್ತಿದಳು. ಅವನ ಕಣ್ಣೂ ಒದ್ದೆಯಾಗಿತ್ತು.

"ಮೇಡಂ ಅನ್ನಬೇಡಿ."

"ಮತ್ತೇನನ್ನಲಿ?"

"ಚಿಕ್ಕಮ್ಮ ಪುಟ್ಟಿ ಅಂತಾಳೆ."

"ಆ ಚಿಕ್ಕಮ್ಮ ನಂಗೂ ಚಿಕ್ಕಮ್ಮನೇ. ಮೊದಲ ದಿನವೇ ಕರೆದಾಗಿದೆ." ಅವನು ಮೆಲ್ಲಗೆ ಅವಳ ಕೈ ಹಿಡಿದ. ಹಗ್ಗ ಎಳೆದೆಳೆದು ಒರಟಾದ ಅಂಗೈ. ಅವಳು ಬಿಡಿಸಿಕೊಳ್ಳಲಿಲ್ಲ. "ಹೋಗಿ ಬರ್ತೀನಿ, ಪುಟ್ಟೀ. ಬಂದ ದಿನವೇ ಚಿಕ್ಕಮ್ಮನ ಹತ್ತಿರ ಕೇಳ್ತೀನಿ."

"ಅವಳು ನಿಮ್ಮ ಅಂಗಿ ಅಳತೆ ಆಗಲೇ ಬರೆದಿಟ್ಟುಕೊಂಡಿದ್ದಾಳೆ."

ಇಬ್ಬರೂ ನಕ್ಕರು. ರಸೀದಿ ಪುಸ್ತಕ ಇನ್ನೂ ಅವಳ ಕೈಯಲ್ಲಿ ತೆರೆದೇ ಇತ್ತು. ಅವನು ಅದರ ಕಡೆ ಕಣ್ಣು ಹಾಯಿಸಿದ.

"ಹಾಗಾದ್ರೆ ಇನ್ನೇನೂ ಆಕ್ಷೇಪ ಇಲ್ಲ ತಾನೇ?"

"ಒಂದಿದೆ."

"ಏನು?"

"ಮೂರು ತಿಂಗಳು... ತುಂಬ ಜಾಸ್ತಿಯಾಯ್ತು."

ಅವನು ಕಿವಿಯ ಸಂದಿಯಿಂದ ಕೆಂಪು ಪೆನ್ಸಿಲ್ ತೆಗೆದು ಅವಳ ಮುಂದೆ ಹಿಡಿದ. "ಬರೀ. ನಾನು ಸಹಿ ಹಾಕ್ತೀನಿ."

"ಮೇಣದ್ದು ಬೇಡ. ಅಳಿಸಿಹೋಗುತ್ತೆ" ಎಂದು ಅವಳು ತನ್ನ ಪೆನ್ನಿನ ಮುಚ್ಚಳ ತೆಗೆದಳು.